ಸಾಲ ಕೊಟ್ಟೆವು, ಕೆಲಸ ಕಲಿಸಿದೆವು, ಈಗ ಬಿಟ್ಟು ಹೊರಟಿದ್ದಾನೆ: ಗ್ರಾಚುಟಿ ಕೊಡಲೇಬೇಕಾ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಹೈಡ್ರಾಲಿಕ್ ಪಂಪಿನ ಬಿಡಿಭಾಗಗಳ ಜಾಬ್ ವರ್ಕ್ ಮಾಡುತ್ತೇವೆ. ಮಾವನವರು ಶುರು ಮಾಡಿದ್ದು, ಈಗ ನಾನು ಮತ್ತು ಯಜಮಾನರು ನೋಡಿಕೊಳ್ಳುತ್ತೇವೆ. ಒಟ್ಟು 14 ಜನ ಕೆಲಸಗಾರರು. ಅವರಲ್ಲಿ ಒಬ್ಬ ಐಟಿಐ ಮುಗಿಸಿ ಹೆಲ್ಪರ್ ಆಗಿ ಬಂದವನು. ಒಂಬತ್ತು ವರ್ಷ ಎಂಟು ತಿಂಗಳಾಯಿತು. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಮಷಿನ್ ಕೆಲಸ ಪೂರ್ತಿ ಇಲ್ಲೇ ಕಲಿತ. ಈಗ ಮಷಿನ್ ಹೊಂದಿಸಿ ಕೊಡುವ ಸೆಟ್ಟರ್, ನಮ್ಮ ಬಲಗೈ. ಸಂಬಳ 24,000. ಮನೆ ಮಗನ ಹಾಗೆ ನೋಡಿಕೊಂಡಿದ್ದೇವೆ. ತಂಗಿ ಮದುವೆಗೆ ಬಡ್ಡಿ ಇಲ್ಲದೆ ಒಂದೂವರೆ ಲಕ್ಷ ಕೊಟ್ಟೆವು, ಇನ್ನೂ 60,000 ಬಾಕಿ ಇದೆ. ಅರ್ಜೆಂಟ್ ಆರ್ಡರ್ ಇದ್ದರೆ ರಾತ್ರಿ 9, 10ರ ತನಕ ನಿಲ್ಲುತ್ತಿದ್ದ. ಒಂದು ದಿನವೂ ಓಟಿ ಕೇಳಿದವನಲ್ಲ. ಗಿರಾಕಿಗಳು ದುಡ್ಡು ತಡ ಮಾಡಿದಾಗ ನಮ್ಮಲ್ಲಿ ಸಂಬಳ 14, 15ನೇ ತಾರೀಖಿಗೆ ಹೋಗುತ್ತದೆ, ಅದಕ್ಕೂ ಮಾತಾಡಿದವನಲ್ಲ. ಅಂಥವನು ಹೋದ ತಿಂಗಳು ಜ್ವರ ಎಂದು ರಜೆ ಹಾಕಿ ದೊಡ್ಡ ಕಂಪನಿಯೊಂದರ ಇಂಟರ್‌ವ್ಯೂಗೆ ಹೋಗಿ ಬಂದಿದ್ದಾನೆ. ಈಗ ಸಂಬಳ ಬಿದ್ದ ಮರುದಿನ ರಾತ್ರಿ ವಾಟ್ಸಾಪಿನಲ್ಲಿ ರಾಜೀನಾಮೆ ಕಳಿಸಿದ. ಅಲ್ಲಿ 6,000 ಜಾಸ್ತಿಯಂತೆ. ಯಜಮಾನರಿಗೆ ಕೋಪ. ಗ್ರಾಚುಟಿ ಕೊಡುವುದು ಬೇಡ, ತಾನಾಗಿ ಬಿಟ್ಟವನಿಗೆ ಇಲ್ಲ, ನಾವು ಪಿಎಫ್‌ಗೂ ಬರುವುದಿಲ್ಲ ಎನ್ನುತ್ತಾರೆ. ಅವನ ಮಾರ್ಕ್ಸ್ ಕಾರ್ಡ್‌ಗಳು ನಮ್ಮ ಬೀರುವಿನಲ್ಲಿವೆ, ಸಾಲ ತೀರಿಸುವ ತನಕ ಕೊಡಬಾರದು ಎನ್ನುತ್ತಾರೆ. ಎರಡು ವರ್ಷದ ಹಿಂದೆ ಒಬ್ಬ ಹೆಲ್ಪರ್ ಹೇಳದೆ ಬಿಟ್ಟಾಗ 12 ದಿನದ ಸಂಬಳ ತಡೆದಿದ್ದೆವು, ಆಮೇಲೆ ಯಾರೂ ಹಾಗೆ ಮಾಡಿರಲಿಲ್ಲ. ಉಳಿದವರಿಂದ ಬಾಂಡ್ ಬರೆಸಿಕೊಳ್ಳಬಹುದಾ? ಈಗಿನವರಲ್ಲಿ ನಿಯತ್ತು ಅನ್ನುವುದೇ ಉಳಿದಿಲ್ಲವಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಕಟ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ಬಲಗೈ ಹೋಗುತ್ತಿದೆ, ಸೋಮವಾರದಿಂದ ಮಷಿನ್ ನಡೆಸುವವರು ಯಾರು ಅನ್ನುವ ಚಿಂತೆ. ಇನ್ನೊಂದು, ಉಂಡ ಮನೆಗೆ ಎರಡು ಬಗೆದ ಅನ್ನುವ ನೋವು. ಸಣ್ಣ ಕಾರ್ಖಾನೆಗಳ ಸಂಬಳ, ಹಾಜರಿ, ಕಾರ್ಮಿಕ ಇಲಾಖೆಯ ಕಾಗದ ನೋಡುವುದೇ ನನ್ನ ಕೆಲಸ. ಇಂಥ ಜಗಳಗಳಲ್ಲಿ ನಾನು ನೋಡಿದ್ದು ಏನೆಂದರೆ, ಎರಡನೆಯ ನೋವಿಗೆ ಮೊದಲನೆಯದರ ದುಡ್ಡಿನಿಂದ ಸೇಡು ತೀರಿಸಲು ಹೋಗುತ್ತಾರೆ. ಕೊನೆಗೆ ಎರಡೂ ಹಾಳು. ಹಾಗಾಗಿ ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ.

ಗ್ರಾಚುಟಿ, ಅಂದರೆ ವರ್ಷಗಟ್ಟಲೆ ದುಡಿದವರು ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟು, ಕೊಡಲೇಬೇಕು. ಪಿಎಫ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಪಿಎಫ್ ಕಡ್ಡಾಯ ಆಗುವುದು 20 ಜನ ಇದ್ದಾಗ, ಗ್ರಾಚುಟಿಗೆ 10 ಜನ ಸಾಕು. ನೀವು 14 ಜನ. ಒಮ್ಮೆ ಈ ಕಾನೂನಿನೊಳಗೆ ಬಂದ ಮೇಲೆ ನಾಳೆ ಜನ ಒಂಬತ್ತಕ್ಕೆ ಇಳಿದರೂ ಬಿಡುಗಡೆ ಇಲ್ಲ. ತಾನಾಗಿ ರಾಜೀನಾಮೆ ಕೊಟ್ಟವರಿಗೆ ಇಲ್ಲ ಅನ್ನುವುದು ನಮ್ಮ ಕಡೆ ಎಷ್ಟು ಹಬ್ಬಿದೆ ಎಂದರೆ, ಕೆಲವು ಲೆಕ್ಕ ಬರೆಯುವವರೂ ಅದನ್ನೇ ಹೇಳುತ್ತಾರೆ. ಸತತ ಐದು ವರ್ಷ ದುಡಿದವರು ನಿವೃತ್ತಿ ಆಗಲಿ, ರಾಜೀನಾಮೆ ಕೊಡಲಿ, ಹಕ್ಕು ಒಂದೇ. 1972ರ ಗ್ರಾಚುಟಿ ಕಾಯ್ದೆಯಲ್ಲಿ ಹೀಗೇ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹೀಗೇ ಇದೆ. ಗ್ರಾಚುಟಿ ತಡೆಯಲು ಅವಕಾಶ ಇರುವುದು, ಬೇಕಂತಲೇ ನಷ್ಟ ಮಾಡಿದ್ದಕ್ಕೋ, ಹೊಡೆದಾಟಕ್ಕೋ, ಕಳ್ಳತನದಂಥ ಅಪರಾಧಕ್ಕೋ ನೀವೇ ಕೆಲಸದಿಂದ ತೆಗೆದಿದ್ದರೆ ಮಾತ್ರ. ಜ್ವರ ಎಂದು ಹೇಳಿ ಇಂಟರ್‌ವ್ಯೂಗೆ ಹೋದದ್ದು ಆ ಪಟ್ಟಿಯಲ್ಲಿ ಬರುವುದಿಲ್ಲ.

ಎಷ್ಟು ಕೊಡಬೇಕು? ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ವರ್ಷಗಳಿಂದ ಗುಣಿಸಿ. ಆರು ತಿಂಗಳು ದಾಟಿದ ಭಾಗ ಪೂರ್ತಿ ವರ್ಷ ಎಂದೇ ಲೆಕ್ಕ. ಅಂದರೆ ಇವರದು ಹತ್ತು ವರ್ಷ. ಇಲ್ಲಿ ವೇತನ ಎಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ. 24,000ದಲ್ಲಿ ಇವೆರಡೂ ಸೇರಿ 18,000, ಉಳಿದದ್ದು ಮನೆ ಬಾಡಿಗೆ ಭತ್ಯೆ ಮತ್ತಿತರ ಭತ್ಯೆ ಎಂದುಕೊಳ್ಳಿ. ಆಗ 1,03,846 ರೂಪಾಯಿ ಬರುತ್ತದೆ. ನೀವು ಸಂಬಳವನ್ನು ಹೀಗೆ ಒಡೆದು ಬರೆದೇ ಇಲ್ಲದಿದ್ದರೆ ಪೂರ್ತಿ 24,000ದ ಮೇಲೆ ಲೆಕ್ಕ ಹಾಕಬೇಕಾಗುತ್ತದೆ, ಆಗ 1,38,462. ಮೂಲ ವೇತನವನ್ನು ಐದಾರು ಸಾವಿರ ಎಂದು ತೋರಿಸಿ ಉಳಿದದ್ದನ್ನೆಲ್ಲ ಭತ್ಯೆಗೆ ತಳ್ಳುವ ಹಳೇ ಉಪಾಯ ಇನ್ನು ನಡೆಯುವುದಿಲ್ಲ. ಹೊಸ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದ ಭಾಗವೂ ವೇತನಕ್ಕೇ ಸೇರುತ್ತದೆ. ಹಣ ಕೊಡಲು 30 ದಿನದ ಗಡುವು ಇದೆ. ತಡವಾದರೆ ಬಡ್ಡಿ.

ಕೊನೆಯ ಸಂಬಳಕ್ಕೆ ಗಡುವು ಇನ್ನೂ ಬಿಗಿ. ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟು ಬಿಟ್ಟವರ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೈ ಸೇರಬೇಕು. ಮುಂದಿನ ತಿಂಗಳು ಬಾ, ಆಡಿಟರ್ ಬರಲಿ, ಇವೆಲ್ಲ ಹಳೇ ಕಾಲದ ಮಾತು.

60,000 ಸಾಲ? ಅದು ನಿಮಗೆ ಬರಬೇಕಾದ ಹಣ, ಬಿಡಬೇಕಾಗಿಲ್ಲ. ವೇತನದಿಂದ ಸಾಲ ಹಿಡಿದುಕೊಳ್ಳಲು ಕಾನೂನಿನಲ್ಲಿ ದಾರಿ ಇದೆ, ಆದರೆ ಒಂದು ವೇತನ ಅವಧಿಯ ಅರ್ಧಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ಗ್ರಾಚುಟಿಯಿಂದ ನೀವಾಗಿಯೇ ಕತ್ತರಿಸಬೇಡಿ. ಕೋರ್ಟ್ ಡಿಕ್ರಿ ಇದ್ದರೂ ಜಪ್ತಿ ಮಾಡಲು ಬಾರದ ಹಣ ಅದು. ನಾನು ಹೇಳುವ ದಾರಿ ಸರಳ. ಗ್ರಾಚುಟಿ ಪೂರ್ತಿ ಅವರ ಬ್ಯಾಂಕ್ ಖಾತೆಗೆ ಹಾಕಿ. ಅದೇ ದಿನ ಅವರು 60,000 ನಿಮ್ಮ ಖಾತೆಗೆ ಹಾಕಲಿ. ಒಂದೇ ಹಾಳೆಯಲ್ಲಿ ಎರಡೂ ವ್ಯವಹಾರ ಬರೆದು ಇಬ್ಬರೂ ಸಹಿ ಮಾಡಿ. ಕೈಗೆ ಲಕ್ಷ ಬರುವಾಗ ಮದುವೆ ಸಾಲ ಇಲ್ಲ ಅನ್ನುವವರು ಕಡಿಮೆ. ಇಲ್ಲವೆಂದರೆ ಎಂಬ ಭಯ ನಿಮ್ಮಲ್ಲಿ ಇದ್ದೇ ಇರುತ್ತದೆ. ಆ ಅಪಾಯ ನಿಜವೂ ಹೌದು. ಆಗ ಸಾಲಕ್ಕೆ ಏನು ದಾಖಲೆ ಇದೆ ಅನ್ನುವುದರ ಮೇಲೆ ನಿಮ್ಮ ಬಲ. ಬ್ಯಾಂಕಿನಿಂದ ಹಾಕಿದ್ದರೆ ಸರಿ, ಕೈಯಲ್ಲಿ ಎಣಿಸಿ ಕೊಟ್ಟಿದ್ದರೆ ಕಷ್ಟ. ಹಾಗಾಗಿ ಬಾಕಿ ಮೊತ್ತ ಒಪ್ಪಿಕೊಂಡು ಎರಡು ಸಾಲು ಈಗಲೇ ಬರೆಸಿಕೊಳ್ಳಿ. ಸಂಬಂಧ ಇನ್ನೂ ಮುರಿದಿಲ್ಲ, ಬರೆದುಕೊಡುತ್ತಾರೆ.

ಮಾರ್ಕ್ಸ್ ಕಾರ್ಡ್ ವಿಷಯದಲ್ಲಿ ಜಾಸ್ತಿ ಮಾತು ಬೇಡ. ಅವು ಅವರ ಸ್ವತ್ತು, ಅಡವಿಟ್ಟ ಚಿನ್ನ ಅಲ್ಲ. ಇವತ್ತೇ ಬೀರು ತೆಗೆದು ಕೊಟ್ಟುಬಿಡಿ, ಮುಟ್ಟಿತು ಎಂದು ಸಹಿ ಹಾಕಿಸಿಕೊಳ್ಳಿ. ಉಳಿದ 13 ಜನರದ್ದೂ ಇದ್ದರೆ ಅವನ್ನೂ ಕೊಡಿ. ಜೆರಾಕ್ಸ್ ಸಾಕು ನಿಮಗೆ. ಮೂಲ ಪ್ರತಿ ಇಟ್ಟುಕೊಂಡ ಒಂದೇ ಕಾರಣಕ್ಕೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದ ಮಾಲೀಕರನ್ನು ನೋಡಿದ್ದೇನೆ. ಅಲ್ಲಿ ಅವರ ಪರ ಮಾತಾಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಹಾಗಾದರೆ ಹೊರಡುವವರಿಂದ ನೀವು ಕೇಳಬಹುದಾದದ್ದು ಏನೂ ಇಲ್ಲವಾ? ಇದೆ, ಮತ್ತು ಅದನ್ನು ಬಿಟ್ಟು ಬೇರೆಲ್ಲ ಕೇಳುತ್ತಿದ್ದೀರಿ ಅನ್ನುವುದೇ ನನ್ನ ತಕರಾರು.

ಮೊದಲನೆಯದು ಡ್ರಾಯಿಂಗ್. ಜಾಬ್ ವರ್ಕ್ ಮಾಡುವ ಶಾಪ್‌ಗಳಲ್ಲಿ ಗಿರಾಕಿಯ ಡ್ರಾಯಿಂಗ್ ಸೆಟ್ಟರ್‌ನ ಮೊಬೈಲಿನಲ್ಲೇ ಇರುತ್ತದೆ. ಕೆಲಸಕ್ಕೆ ಅನುಕೂಲ ಎಂದು ನೀವೇ ವಾಟ್ಸಾಪ್ ಮಾಡಿರುತ್ತೀರಿ. ಪ್ರೋಗ್ರಾಂಗಳು ಅವರ ಪೆನ್ ಡ್ರೈವ್‌ನಲ್ಲಿರುತ್ತವೆ. ಇವು ನಿಮ್ಮ ಕಂಪ್ಯೂಟರಿಗೆ ಇಳಿಯಬೇಕು, ಅವರ ಹತ್ತಿರ ಇರುವುದನ್ನು ಎದುರಿಗೇ ಅಳಿಸಬೇಕು. ಗಿರಾಕಿ ಡ್ರಾಯಿಂಗ್ ಹೊರಗೆ ಕೊಡುವುದಿಲ್ಲ ಎಂದು ಅವರು ಬರೆದುಕೊಡುವುದು ನ್ಯಾಯ. ಒಪ್ಪದಿದ್ದರೆ ಅಲ್ಲಿ ಕೋಪ ಮಾಡಿಕೊಳ್ಳಿ, ಆ ಕೋಪಕ್ಕೆ ಅರ್ಥ ಇದೆ.

ಎರಡನೆಯದು ತಲೆಯೊಳಗಿನ ಲೆಕ್ಕ. ಒಂಬತ್ತು ವರ್ಷ ಒಂದೇ ಮಷಿನ್ ಮುಂದೆ ನಿಂತವರಿಗೆ ಯಾವ ಕಾಗದದಲ್ಲೂ ಇಲ್ಲದ ವಿಷಯ ಗೊತ್ತಿರುತ್ತದೆ. ಯಾವ ಫಿಕ್ಸ್ಚರ್ ಕೆಳಗೆ ತೆಳ್ಳಗಿನ ಶಿಮ್ ಇಟ್ಟರೆ ಅಳತೆ ಕೂರುತ್ತದೆ. ಬೆಳಗ್ಗೆ ಮಷಿನ್ ತಣ್ಣಗಿರುವಾಗ ಮೊದಲ ಎರಡು ಪೀಸ್ ಯಾಕೆ ಅಳತೆ ತಪ್ಪುತ್ತವೆ. ಯಾವ ಬೋರ್‌ಗೆ ಫೀಡ್ ಇಳಿಸದಿದ್ದರೆ ಗೆರೆ ಬೀಳುತ್ತದೆ. ಇನ್ಸರ್ಟ್ ಎಷ್ಟು ಪೀಸ್ ಆದ ಮೇಲೆ ತಿರುಗಿಸಬೇಕು. ಇದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಸಿ, ಎರಡನೇ ಆಪರೇಟರ್ ಪಕ್ಕದಲ್ಲಿ ನಿಲ್ಲಿಸಿ ಸೆಟಪ್ ಮಾಡಿಸಿದರೆ ರಿಜೆಕ್ಷನ್ ಎಷ್ಟು ಉಳಿಯುತ್ತದೆ ಎಂದು ನಿಮಗೇ ಗೊತ್ತು. ಮಾರ್ಕ್ಸ್ ಕಾರ್ಡ್ ತಡೆದು ಈ ನೋಟ್‌ಬುಕ್ ಬರೆಸಲು ಆಗುವುದಿಲ್ಲ. ಇಷ್ಟಪಟ್ಟು ಬರೆದರೆ ಮಾತ್ರ ಉಪಯೋಗ.

ಈಗ ನಿಯತ್ತಿನ ಮಾತಿಗೆ ಬರೋಣ.

ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. ರಾಜೀನಾಮೆ ಬಂದದ್ದು ಸಂಬಳ ಬಿದ್ದ ಮರುದಿನ. ಎರಡು ವರ್ಷದ ಹಿಂದೆ ಹೋದ ಹೆಲ್ಪರ್‌ಗೆ 12 ದಿನದ ಸಂಬಳ ಸಿಗಲಿಲ್ಲ. ಆಮೇಲೆ ಯಾರೂ ಹಾಗೆ ಮಾಡಿರಲಿಲ್ಲ ಎನ್ನುತ್ತೀರಿ. ನನಗೆ ಕಾಣುವುದು ಬೇರೆ. ಉಳಿದವರೆಲ್ಲ ಆ ಪಾಠ ಚೆನ್ನಾಗಿ ಕಲಿತರು. ಇಲ್ಲಿ ಸಂಬಳ ಬೀಳುವ ಮೊದಲು ಬಿಟ್ಟರೆ ದುಡ್ಡು ನಿಲ್ಲುತ್ತದೆ, ಹಾಗಾಗಿ ಖಾತೆಗೆ ಬಿದ್ದ ಮೇಲೆ ಹೇಳಬೇಕು. ನಿಮ್ಮ ಸೆಟ್ಟರ್ ಮಾಡಿದ್ದು ಅಷ್ಟೇ. ಇನ್ನು ಎದುರಿಗೆ ಬಂದು ಯಾಕೆ ಹೇಳಲಿಲ್ಲ ಎಂದರೆ, ಮನೆ ಮಗ ಎಂದು ಕರೆದ ಕಡೆ ಕೆಲಸ ಬಿಡುತ್ತೇನೆ ಎನ್ನುವುದು ಮನೆ ಬಿಟ್ಟು ಹೋದಂತೆ ಆಗುತ್ತದೆ. ಅಮ್ಮನ ಕಣ್ಣೀರು, ಅಪ್ಪನ ಬೈಗುಳ, ಕೊಟ್ಟ ಸಾಲದ ನೆನಪು, ಎಲ್ಲ ಎದುರಿಸಬೇಕು. ಅದಕ್ಕಿಂತ ರಾತ್ರಿ ಹತ್ತಕ್ಕೆ ಒಂದು ಮೆಸೇಜ್ ಸುಲಭ. ಅಪ್ಪಟ ಕಂಪನಿಯಂತೆ ನಡೆಯುವ ಕಡೆಗಳಲ್ಲಿ ಜನ ಒಂದು ಕಾಗದ ಕೊಟ್ಟು, ಕೈ ಕುಲುಕಿ, ಕೇಕ್ ತಿಂದು ಹೋಗುತ್ತಾರೆ. ಕುಟುಂಬದ ಹಾಗೆ ಇದ್ದೇವೆ ಎನ್ನುವ ಕಡೆಗಳಿಂದಲೇ ಓಡಿಹೋಗುವುದು ಜಾಸ್ತಿ.

ಅದಿರಲಿ, ಮನೆ ಮಗ ಅಂದರೆ ಆಸ್ತಿಯಲ್ಲಿ ಪಾಲು ಇರಬೇಕಲ್ವಾ? ಮಗನ ಕರ್ತವ್ಯ ಕೇಳುವಾಗ ಮನೆ ಮಗ, ಸಂಬಳ ಜಾಸ್ತಿ ಕೇಳಿದಾಗ ಕೆಲಸದವನು. ಇದು ನಿಮ್ಮೊಬ್ಬರ ಮಾತಲ್ಲ, ನಮ್ಮ ಸಣ್ಣ ಉದ್ದಿಮೆಗಳ ರೂಢಿ. ಹಳೇಬೀಡಿಗೆ ಹೋದರೆ ಹೊಯ್ಸಳೇಶ್ವರ ಗುಡಿಯ ಹತ್ತಿರ ಕುವರ ಲಕ್ಷ್ಮನ ಕಂಬ ನೋಡಿ. ಹೊಯ್ಸಳ ಅರಸ ಎರಡನೇ ವೀರಬಲ್ಲಾಳ ತೀರಿಕೊಂಡಾಗ ಈ ದಂಡನಾಯಕ ಮಡದಿ ಸಮೇತ, ಅರಸನಿಗಾಗಿ ಪ್ರಾಣ ಕೊಡುವ ಪಣ ತೊಟ್ಟ ತನ್ನ ಗರುಡ ಪಡೆಯ ಜೊತೆ ಪ್ರಾಣ ಬಿಟ್ಟ. ಅರಸನೂ ಅವನನ್ನು ಮಗನಂತೆಯೇ ಸಾಕಿದ್ದನಂತೆ. ಆದರೆ ಅವನು ದಂಡನಾಯಕ, ಅಧಿಕಾರ ಸಿರಿ ಎರಡೂ ಅರಸನ ಜೊತೆ ಹಂಚಿಕೊಂಡವನು. 24,000ಕ್ಕೆ ಅಂಥ ನಿಷ್ಠೆ ನಿರೀಕ್ಷಿಸುವುದು ಸ್ವಲ್ಪ ಜಾಸ್ತಿಯಾಯಿತು.

ಹಿಂದಿನವರಿಗೆ ನಿಯತ್ತು ಇತ್ತು, ಈಗಿನವರಿಗೆ ಇಲ್ಲ ಅನ್ನುವುದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾದಾಗ ಸೇರಿದವರು ನಿವೃತ್ತಿಯ ತನಕ ಕದಲಲಿಲ್ಲ, ನಿಜ. ಕ್ವಾರ್ಟರ್ಸ್ ಇತ್ತು, ಮಕ್ಕಳಿಗೆ ಸ್ಕೂಲ್ ಇತ್ತು, ಆಸ್ಪತ್ರೆ ಇತ್ತು, ಹೊರಗೆ ಅಂಥ ಕೆಲಸ ಬೇರೆ ಇರಲಿಲ್ಲ. ಕಂಪನಿ ಕೈ ಬಿಡುವುದಿಲ್ಲ ಅನ್ನುವ ಖಾತ್ರಿ ಇತ್ತು, ಇವರೂ ಬಿಡಲಿಲ್ಲ. ಆಮೇಲೆ ಏನಾಯಿತು? ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಅಜ್ಜ, ಅಪ್ಪ, ಮಗ ಮೂರು ತಲೆಮಾರು ಅದೇ ಗಣಿಗೆ ಇಳಿದ ಮನೆಗಳು ಅಲ್ಲಿದ್ದವು. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಈಗ ಮೂವತ್ತರ ಆಸುಪಾಸಿನಲ್ಲಿರುವವರು ಇದನ್ನೆಲ್ಲ ಮನೆಯಲ್ಲಿ ಕೇಳಿ ಬೆಳೆದವರು. ಕಂಪನಿಯನ್ನು ನಂಬಿ ಕೂರಬೇಡ ಎಂದು ಅಪ್ಪಂದಿರೇ ಹೇಳುತ್ತಾರೆ.

ನಿಮ್ಮ ಸೆಟ್ಟರ್ ಹೋಗುವುದಕ್ಕೆ 6,000 ಒಂದೇ ಕಾರಣ ಎಂದೂ ನನಗೆ ಅನಿಸುವುದಿಲ್ಲ. ಮನೆ ಕಟ್ಟಲು ಬ್ಯಾಂಕ್ ಸಾಲ ಬೇಕೆಂದರೆ ಸ್ಯಾಲರಿ ಸ್ಲಿಪ್ ಕೇಳುತ್ತಾರೆ. ಹೆಣ್ಣಿನ ಕಡೆಯವರು ಕಂಪನಿ ಯಾವುದು, ಪಿಎಫ್ ಕಟ್ಟುತ್ತಾರಾ ಎಂದು ಕೇಳುತ್ತಾರೆ. ಇವೆರಡಕ್ಕೂ ನಿಮ್ಮ ಶಾಪ್‌ನಲ್ಲಿ ಕೆಲಸ ಮಾಡುವವರ ಹತ್ತಿರ ಉತ್ತರ ಇಲ್ಲ. ಇನ್ನು ಓಟಿ. ಒಂದು ದಿನವೂ ಕೇಳಿದವನಲ್ಲ ಎಂದು ನೀವು ಹೊಗಳಿಕೆಯಂತೆ ಬರೆದಿದ್ದೀರಿ. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ದರ ಕೊಡಬೇಕು ಅನ್ನುವುದು ಕಾನೂನು, ಕೇಳಲಿ ಬಿಡಲಿ. ಸುಮ್ನೆ ಒಂದು ಲೆಕ್ಕ ನೋಡಿ. ತಿಂಗಳಿಗೆ 24,000 ಅಂದರೆ 26 ದಿನ, ದಿನಕ್ಕೆ 8 ಗಂಟೆಯಂತೆ ಗಂಟೆಗೆ ಸುಮಾರು 115 ರೂಪಾಯಿ. ಎರಡು ಪಟ್ಟು 230. ತಿಂಗಳಲ್ಲಿ ಹತ್ತು ದಿನ ಎರಡೆರಡು ಗಂಟೆ ನಿಂತರೂ 4,600 ರೂಪಾಯಿ ಆಯಿತು. ಹೊಸ ಕಂಪನಿ ಕೊಡುತ್ತಿರುವ ಹೆಚ್ಚುವರಿ 6,000ದಲ್ಲಿ ಮುಕ್ಕಾಲು ಪಾಲು ಇಲ್ಲೇ ಬರಬೇಕಿತ್ತು. ನೀವು ಕೊಟ್ಟ ಒಂದೂವರೆ ಲಕ್ಷ ನಿಮ್ಮ ಪುಸ್ತಕದಲ್ಲಿದೆ. ಅವರು ಕೊಟ್ಟ ಸಂಜೆಗಳು ಯಾರ ಪುಸ್ತಕದಲ್ಲೂ ಇಲ್ಲ. ನೀವು ಅನ್ಯಾಯ ಮಾಡಿದಿರಿ ಎಂದು ದೂರುತ್ತಿಲ್ಲ. ಬಡ್ಡಿ ಇಲ್ಲದೆ ಅಷ್ಟು ದುಡ್ಡು ಕೊಡುವ ಮನಸ್ಸು ಎಲ್ಲ ಮಾಲೀಕರಿಗೂ ಇರುವುದಿಲ್ಲ. ಆದರೆ ಹಕ್ಕಿನಿಂದ ಬರಬೇಕಾದದ್ದು ನಿಂತು, ಉಪಕಾರವಾಗಿ ಬಂದದ್ದು ಜಾಸ್ತಿಯಾದರೆ, ಪಡೆದವರಿಗೆ ಋಣ ಭಾರವಾಗುತ್ತದೆ, ಗೌರವ ಸಿಕ್ಕಂತೆ ಆಗುವುದಿಲ್ಲ.

ಸಂಬಳ ತಡವಾಗುವುದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು ಅನ್ನುವುದು ನಿಯಮ. ಯಾರೂ ಮಾತಾಡಲಿಲ್ಲ ಅಂದರೆ ಎಲ್ಲರಿಗೂ ಸರಿ ಎಂದಲ್ಲ. ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ದಾಂಧಲೆ ಆಯಿತಲ್ಲ, ಅದರ ಹಿಂದೆ ಇದ್ದದ್ದೂ ಇದೇ. ಕೆಲಸದ ಗಂಟೆಗಳ ಲೆಕ್ಕ ಸರಿಯಾಗಿ ಇಡಲಿಲ್ಲ, ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಯಿತು ಎಂದು ಆ್ಯಪಲ್ ತಾನೇ ಹೇಳಿತು, ವಿಸ್ಟ್ರಾನ್ ಕ್ಷಮೆ ಕೇಳಿತು. ಗಾಜು ಒಡೆದವರನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಸಂಬಳದ ಚೀಟಿ ನೋಡಿ ಇದು ಸರಿ ಇಲ್ಲ ಎಂದು ದಿನಗಟ್ಟಲೆ ಹೇಳಿದರೂ ಕೇಳುವವರಿಲ್ಲ ಅಂದರೆ ಕೆಲವರು ಕಲ್ಲು ಎತ್ತುತ್ತಾರೆ, ಕೆಲವರು ಜ್ವರ ಎಂದು ರಜೆ ಹಾಕುತ್ತಾರೆ.

ಇಷ್ಟು ಹೇಳಿದ ಮೇಲೆ ಅವರ ಕಡೆಯ ತಪ್ಪನ್ನೂ ಹೇಳಬೇಕು. ಹತ್ತು ವರ್ಷ ಹತ್ತಿರ ಮಾಡಿದ ಕೆಲಸವನ್ನು ಮೆಸೇಜ್ ಹಾಕಿ ಬಿಡುವುದು ಚೆಂದ ಅಲ್ಲ. ಅರ್ಜೆಂಟ್ ಆರ್ಡರ್ ಇರುವಾಗ ತಮ್ಮ ಜಾಗಕ್ಕೆ ಯಾರು ಅನ್ನುವ ಯೋಚನೆ ಅವರಿಗೂ ಇರಬೇಕಿತ್ತು. ಒಂದು ತಿಂಗಳು ಮೊದಲು ಹೇಳುವುದು, ಕೆಲಸ ದಾಟಿಸಿ ಹೋಗುವುದು, ಇವು ಕಾನೂನಿಗಿಂತ ಮೊದಲೇ ಇರುವ ಮರ್ಯಾದೆ. ನೀವು ಅಪಾಯಿಂಟ್‌ಮೆಂಟ್ ಲೆಟರ್ ಕೊಟ್ಟಂತೆ ಕಾಣುವುದಿಲ್ಲ. ಹಾಗಾಗಿ ಇಷ್ಟು ದಿನ ನೋಟಿಸ್ ಎಂದು ಕಾಗದ ತೋರಿಸಿ ಕೇಳಲು ಆಗುವುದಿಲ್ಲ. ಆದರೆ ಕೂರಿಸಿಕೊಂಡು ಕೇಳಲು ಯಾರ ಅಡ್ಡಿ? ಸುಳ್ಳು ರಜೆಯನ್ನು ಅಲ್ಲಿ ಎತ್ತಬೇಡಿ. ಇಂಟರ್‌ವ್ಯೂಗೆ ಹೋಗುತ್ತೇನೆ, ರಜೆ ಕೊಡಿ ಎಂದು ಕೇಳುವ ಧೈರ್ಯ ನಿಮ್ಮ ಯಜಮಾನರ ಎದುರು ಯಾರಿಗೂ ಬರುವುದಿಲ್ಲ ಎಂದು ನಿಮ್ಮ ಪತ್ರವೇ ಹೇಳುತ್ತದೆ.

ಸಂಬಳ ಏರಿಸಿ ಉಳಿಸಿಕೊಳ್ಳಬಹುದಾ? ಪ್ರಯತ್ನಿಸಬಹುದು, ಆದರೆ ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ರಾಜೀನಾಮೆ ಕೊಟ್ಟ ಮೇಲೆ ಏರಿಸಿದ ಸಂಬಳ ಮೊದಲೇ ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆಯನ್ನು ಬಿಟ್ಟು ಹೋಗುತ್ತದೆ. ಹೀಗೆ ನಿಂತವರು ವರ್ಷ ಕಳೆಯುವುದರೊಳಗೆ ಹೋದದ್ದನ್ನೇ ಜಾಸ್ತಿ ನೋಡಿದ್ದೇನೆ. ಜೊತೆಗೆ ಬೇರೆಯವರಿಗೂ ದಾರಿ ತೋರಿಸಿದಂತೆ ಆಗುತ್ತದೆ, ಹೆದರಿಸಿದರೆ ಏರಿಸುತ್ತಾರೆ ಎಂದು. ಅವರು ನಿಜಕ್ಕೂ ಇಲ್ಲೇ ಇರಲು ಇಷ್ಟಪಟ್ಟು, ಅಡ್ಡಿ ಆಗಿರುವುದು ಪಿಎಫ್ ಅಥವಾ ಪೇ ಸ್ಲಿಪ್ ಅಂಥದ್ದು ಎಂದಾದರೆ ಮಾತ್ರ ಮಾತಾಡಿ. ಇಲ್ಲವಾದರೆ ಕೆಲಸ ದಾಟಿಸಲು ಮೂರು ನಾಲ್ಕು ವಾರ ಕೇಳಿ, ಆ ವಾರಗಳ ಓಟಿ ಸರಿಯಾಗಿ ಕೊಡಿ, ಹೊಸ ಕಂಪನಿ ಸೇರುವ ದಿನ ಸ್ವಲ್ಪ ಮುಂದೆ ಹಾಕಿಸಿಕೊಳ್ಳಲು ಹೇಳಿ. ಚೆನ್ನಾಗಿ ಕಳಿಸಿದವರು ಭಾನುವಾರ ಫೋನ್ ಮಾಡಿದರೆ ಬಂದು ಆಫ್‌ಸೆಟ್ ಸರಿ ಮಾಡಿಕೊಟ್ಟು ಹೋದದ್ದೂ ಇದೆ.

ಬಾಂಡ್ ಬಗ್ಗೆ ಕೇಳಿದ್ದೀರಿ. ಬಾಂಡ್ ಯಾವತ್ತೂ ನಡೆಯುವುದಿಲ್ಲ ಎನ್ನುವವರೂ ಇದ್ದಾರೆ, ಬರೆಸಿಕೊಂಡರೆ ಕಟ್ಟಿಹಾಕಿದಂತೆ ಎನ್ನುವವರೂ ಇದ್ದಾರೆ. ಇಬ್ಬರದೂ ಅರ್ಧ ಸತ್ಯ. ಬಿಟ್ಟ ಮೇಲೆ ಬೇರೆ ಶಾಪ್‌ನಲ್ಲಿ ಕೆಲಸ ಮಾಡಬಾರದು ಎಂದು ಬರೆಸಿಕೊಂಡರೆ ಅದು ಕಸದ ಬುಟ್ಟಿಗೆ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಅಂಥದ್ದನ್ನು ಒಪ್ಪುವುದಿಲ್ಲ. ಆದರೆ ಇಷ್ಟು ವರ್ಷ ಇರಬೇಕು, ಮೊದಲೇ ಬಿಟ್ಟರೆ ಇಷ್ಟು ಹಣ ಕಟ್ಟಬೇಕು ಅನ್ನುವುದು ಬೇರೆ ವಿಷಯ. ನಮ್ಮ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ಎಂಬ ಷರತ್ತು ಅದು. ಅಧಿಕಾರಿಯೊಬ್ಬರು ಮೊದಲೇ ಬಿಟ್ಟು ಬೇರೆ ಬ್ಯಾಂಕ್ ಸೇರಿದ್ದರು. ಕರ್ನಾಟಕ ಹೈಕೋರ್ಟ್ ಅವರ ಪರ ಹೇಳಿತ್ತು, ಸುಪ್ರೀಂ ಕೋರ್ಟ್ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಸರ್ಕಾರಿ ಬ್ಯಾಂಕ್ ಒಂದು ಹುದ್ದೆ ತುಂಬಲು ದೊಡ್ಡ ಖರ್ಚಿನ ನೇಮಕಾತಿ ಮಾಡಬೇಕಾಗುತ್ತದೆ ಅನ್ನುವುದು ಅಲ್ಲಿ ಮುಖ್ಯವಾದ ಕಾರಣ.

ಇದನ್ನು ಹಿಡಿದುಕೊಂಡು 12,000 ಸಂಬಳದ ಹೆಲ್ಪರ್‌ನಿಂದ ಎರಡು ಲಕ್ಷದ ಬಾಂಡ್ ಬರೆಸಬೇಡಿ. ನಿಮಗೆ ನಿಜವಾಗಿ ಆದ ಖರ್ಚಿಗೆ ತಕ್ಕಷ್ಟೇ ಪರಿಹಾರ ಕೇಳಬಹುದು. ಯಾರನ್ನಾದರೂ ಬೆಳಗಾವಿಯ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಗೆ ಸಿಎನ್‌ಸಿ ಕೋರ್ಸಿಗೆ ಕಳಿಸಿ, ಫೀಸು ನೀವು ಕಟ್ಟಿ, ಆ ದಿನಗಳ ಸಂಬಳವೂ ಕೊಟ್ಟಿದ್ದರೆ, ಒಂದೋ ಎರಡೋ ವರ್ಷ ಇರಬೇಕು, ಇಲ್ಲದಿದ್ದರೆ ಖರ್ಚು ವಾಪಸ್ ಕೊಡಬೇಕು ಎಂದು ಬರೆಯಿರಿ. ಇದ್ದಷ್ಟು ತಿಂಗಳಿಗೆ ಆ ಮೊತ್ತ ಇಳಿಯುತ್ತಾ ಬರಲಿ. ಸುಮ್ನೆ ಹೆದರಿಸಲು ಬಾಂಡ್ ಬೇಕೆಂದರೆ ನನ್ನ ಸಲಹೆ ಬೇಡ ಎಂದೇ. ಒಳ್ಳೆ ಕೆಲಸಗಾರರು ಸಹಿ ಮಾಡುವ ಮೊದಲೇ ಪಕ್ಕದ ಶಾಪ್‌ಗೆ ಹೋಗುತ್ತಾರೆ, ಎಲ್ಲೂ ಕೆಲಸ ಸಿಗದವರು ಸಹಿ ಮಾಡಿ ಉಳಿಯುತ್ತಾರೆ.

ಉಳಿದ 13 ಜನರಿಗೆ ಅಪಾಯಿಂಟ್‌ಮೆಂಟ್ ಲೆಟರ್ ಕೊಡಿ. ಹೊಸ ಸಂಹಿತೆ ಬಂದ ಮೇಲೆ ಇದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಅದರಲ್ಲಿ ಎರಡೂ ಕಡೆಗೆ ಒಂದೇ ನೋಟಿಸ್ ಅವಧಿ ಬರೆಯಿರಿ. ನೀವು ತೆಗೆಯುವುದಾದರೂ ಒಂದು ತಿಂಗಳು, ಅವರು ಬಿಡುವುದಾದರೂ ಒಂದು ತಿಂಗಳು. ಪಿಎಫ್ ನಿಮಗೆ ಕಡ್ಡಾಯ ಅಲ್ಲದಿದ್ದರೂ ಮಾಲೀಕರು ಮತ್ತು ಬಹುಪಾಲು ಕೆಲಸಗಾರರು ಒಪ್ಪಿದರೆ ಸ್ವಂತ ಇಚ್ಛೆಯಿಂದ ಸೇರಬಹುದು. ಇದರಲ್ಲಿ ನಿಮಗೆ ಖರ್ಚಿದೆ, 20ಕ್ಕಿಂತ ಕಡಿಮೆ ಜನ ಇರುವ ಕಡೆ ಸಂಬಳದ 10 ಪರ್ಸೆಂಟ್ ನಿಮ್ಮ ಪಾಲು, ಒಮ್ಮೆ ಸೇರಿದರೆ ಹೊರಬರುವುದು ಸುಲಭ ಅಲ್ಲ. ಅವರ ಕೈಗೆ ಬರುವ ಹಣದಲ್ಲೂ ಅಷ್ಟೇ ಕಡಿಮೆಯಾಗುತ್ತದೆ, ಅದಕ್ಕೆ ಕೆಲವರು ಬೇಡ ಎನ್ನಲೂಬಹುದು. ಎಲ್ಲರನ್ನೂ ಕೂರಿಸಿ ಕೇಳಿ. ಗ್ರಾಚುಟಿಗೆ ಎಲ್‌ಐಸಿಯ ಗುಂಪು ಯೋಜನೆಯಂಥದ್ದು ಮಾಡಿಸಿ. ಕರ್ನಾಟಕ 2024ರಲ್ಲೇ ಗ್ರಾಚುಟಿಗೆ ವಿಮೆ ಕಡ್ಡಾಯ ಮಾಡುವ ನಿಯಮ ತಂದಿದೆ. ವರ್ಷ ವರ್ಷ ಸ್ವಲ್ಪ ಕಟ್ಟುತ್ತಾ ಬಂದಿದ್ದರೆ ಈಗ ಒಂದು ಲಕ್ಷ ಎಲ್ಲಿಂದ ತರುವುದು ಅನ್ನುವ ಪ್ರಶ್ನೆಯೇ ಇರುತ್ತಿರಲಿಲ್ಲ, ಯಜಮಾನರ ಕೋಪವೂ ಅರ್ಧ ಇಳಿದಿರುತ್ತಿತ್ತು.

ಸಂಬಳ ತಡವಾಗುವುದಕ್ಕೆ ಗಿರಾಕಿಗಳು ಕಾರಣ ಎಂದಿರಿ. ಸಣ್ಣ ಉದ್ದಿಮೆ ಎಂದು ನೀವು ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ್ದರೆ, ಮಾಲು ತೆಗೆದುಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡ ಮಾಡಿದರೆ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟರೆ ಆರ್ಡರ್ ಹೋಗುತ್ತದೆ ಅನ್ನುವ ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಬಹಳ ಜನ ಅದಕ್ಕೇ ಸುಮ್ಮನಿರುತ್ತಾರೆ. ನಿಮ್ಮ ಕೆಲಸಗಾರರು ಸಂಬಳ ತಡವಾದಾಗ ಸುಮ್ಮನಿದ್ದದ್ದೂ ಅದೇ ಭಯಕ್ಕೆ. ದೂರು ಬೇಡವಾದರೆ ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಮಾಡಿಸಿ, ಒಂದು ತಿಂಗಳ ಸಂಬಳದಷ್ಟು ಬೇರೆ ಇಡಿ, 7ಕ್ಕೆ ಹಾಕಿ. ಅದರ ಬಡ್ಡಿ ಒಬ್ಬ ಸೆಟ್ಟರ್‌ನನ್ನು ಹುಡುಕುವ ಖರ್ಚಿಗಿಂತ ಕಡಿಮೆ. ಆ 12 ದಿನದ ಸಂಬಳವೂ ಇನ್ನೂ ನಿಮ್ಮ ಹತ್ತಿರವೇ ಇದೆ. ಆ ಹೆಲ್ಪರ್‌ನ ಅಕೌಂಟ್ ನಂಬರ್ ಹುಡುಕಿ ಹಾಕಿಬಿಡಿ. ಉದ್ಯಮಬಾಗ್ ಅಷ್ಟು ದೊಡ್ಡ ಊರಲ್ಲ, ಸುದ್ದಿ ತಾನೇ ಓಡಾಡುತ್ತದೆ.

ಕೊನೆಗೆ, ನಿಮ್ಮ ಪತ್ರದಲ್ಲಿ ಇಲ್ಲದ ಒಬ್ಬರ ಬಗ್ಗೆ. ಈ ಸೆಟ್ಟರ್ ಹೋದ ಮೇಲೆ ಮಷಿನ್ ನೋಡಿಕೊಳ್ಳುವ ಎರಡನೇ ಆಪರೇಟರ್ ಒಬ್ಬರು ಇದ್ದೇ ಇರುತ್ತಾರೆ. ಅವರ ಸಂಬಳ ಎಷ್ಟು, ಎಷ್ಟು ವರ್ಷದಿಂದ ಅಷ್ಟೇ ಇದೆ, ಅವರಿಗೆ ಎಷ್ಟು ಗಂಟೆಯ ಓಟಿ ಬಾಕಿ ಇದೆ, ಈ ವಾರವೇ ತೆಗೆದು ನೋಡಿ. ಏರಿಸುವುದಿದ್ದರೆ ಅವರು ಕೇಳುವ ಮೊದಲೇ ಏರಿಸಿ.